20 ಸಾವಿರದ ಹೊಸಾದು, 29 ಸಾವಿರದ್ದು, ಇಲ್ಲಾ ಸೆಕೆಂಡ್ ಹ್ಯಾಂಡ್ ಫ್ಲಾಗ್‌ಶಿಪ್ಪಾ? ಬಳ್ಳಾರಿ ಬಿಸಿಲಲ್ಲಿ ಬಿಜಿಎಂಐ ಆಡಿ ನೋಡಿದ್ದು

ನನ್ನ ತಮ್ಮನ ಫೋನು ಮಾರ್ಚಲ್ಲಿ ಕೈಕೊಡ್ತು. "ಅಣ್ಣಾ, ಈ ಸಲ ಗೇಮಿಂಗ್‌ಗೆ ಸರಿಯಾಗಿರೋದು ಕೊಡಿಸು" ಅಂತ ಹಿಂದೆ ಬಿದ್ದ. ಒಂದು ವಾರ ಯೂಟ್ಯೂಬಲ್ಲಿ ರಿವ್ಯೂ ನೋಡಿದ್ವಿ, ಎಲ್ಲಾರೂ ಎಸಿ ರೂಮಲ್ಲಿ ಕೂತು ಹತ್ತು ನಿಮಿಷ ಆಡಿ ಸ್ಕೋರ್ ತೋರಿಸ್ತಾರೆ, ಆದ್ರೆ ಬಳ್ಳಾರೀಲಿ ಏಪ್ರಿಲ್ ಮಧ್ಯಾಹ್ನ ಫ್ಯಾನ್ ಹಾಕಿದ್ರೆ ಬರೋದೇ ಬಿಸಿಗಾಳಿ, ಅಲ್ಲಿ ಆ ಫೋನು ಏನು ಮಾಡುತ್ತೆ ಅಂತ ಯಾರೂ ಹೇಳಲ್ಲ. ಅದಕ್ಕೆ ನಾವೇ ಆಡಿ ನೋಡೋಣ ಅಂತ ತೀರ್ಮಾನ ಮಾಡಿದ್ವಿ.

ಸಿಕ್ಕಿದ್ದು ಮೂರು ಫೋನು. ನಮ್ಮ ಭಾವ ಹೊಸದಾಗಿ ತಗೊಂಡಿದ್ದ 20 ಸಾವಿರದ ಒಳಗಿಂದು. ನನ್ನ ಫ್ರೆಂಡ್ ಹತ್ರ ಇರೋ 29 ಸಾವಿರದ್ದು. ಇನ್ನೊಂದು 2022ರ ಫ್ಲಾಗ್‌ಶಿಪ್, ಅಂದ್ರೆ ಕಂಪನಿಯ ಆ ವರ್ಷದ ದುಬಾರಿ ಟಾಪ್ ಮಾಡೆಲ್, ಪರಿಚಯದ ಅಂಗಡಿಯವರು ಸೆಕೆಂಡ್ ಹ್ಯಾಂಡಲ್ಲಿ 24 ಸಾವಿರ ಹೇಳಿದ್ರು, ಎರಡು ದಿನ ಇಟ್ಕೊಂಡು ನೋಡ್ರಿ ಅಂತ ಕೊಟ್ರು, ಆ ನಂಬಿಕೆಗೆ ಅವರಿಗೆ ದೊಡ್ಡ ಥ್ಯಾಂಕ್ಸ್. ಮಾಡೆಲ್ ಹೆಸರು ಬರೀತಿಲ್ಲ, ಆರು ತಿಂಗಳಿಗೆ ಆ ಹೆಸರೇ ಅಂಗಡೀಲಿ ಇರಲ್ಲ, ಒಳಗೆ ಏನಿದೆ ಅನ್ನೋದು ಮುಖ್ಯ.

ಆಡಿದ್ದು ಬಿಜಿಎಂಐ ಒಂದೇ, ಪಬ್‌ಜಿಯ ಭಾರತದ ರೂಪ, ಬಂದೂಕು ಹಿಡಿದು ಕೊನೇವರೆಗೆ ಉಳಿಯೋ ಗೇಮು. 2020ರ ಸೆಪ್ಟೆಂಬರಲ್ಲಿ ಪಬ್‌ಜಿ ಬ್ಯಾನ್ ಆದಾಗಲೂ, 2021ರ ಜುಲೈಲಿ ಬಿಜಿಎಂಐ ಬಂದು ಮುಂದಿನ ಜುಲೈಗೆ ಮತ್ತೆ ಸ್ಟೋರಿಂದ ಮಾಯ ಆದಾಗಲೂ, 2023ರ ಮೇ ತಿಂಗಳಲ್ಲಿ ವಾಪಸ್ ಬರೋವರೆಗೂ ನಮ್ಮ ನಾಲ್ಕು ಜನದ ಸ್ಕ್ವಾಡ್ ಒಡೆದಿಲ್ಲ, ಹಂಗಾಗಿ ಈ ಗೇಮ್ ಚೆನ್ನಾಗಿ ಓಡೋದೇ ನಮಗೆ ಬೇಕಾಗಿದ್ದು. ಮಧ್ಯಾಹ್ನ ಎರಡು ಗಂಟೆಗೆ ಒಂದೇ ರೂಮು, ಒಂದೇ ವೈಫೈ, ಬ್ರೈಟ್‌ನೆಸ್ ಅರ್ಧ, ಗ್ರಾಫಿಕ್ಸ್ ಸ್ಮೂತ್, ಕವರ್ ಬಿಚ್ಚಿಟ್ಟು, ಎರಂಗಲ್ ಮ್ಯಾಪಲ್ಲಿ ಮೂರು ಮ್ಯಾಚು ಒಂದರ ಹಿಂದೆ ಒಂದು. ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತೆ ಅಂತ ತೋರಿಸೋ ಮೀಟರ್ ಸ್ಕ್ರೀನ್ ಮೇಲೆ ಆನ್. ಪ್ರತೀ ಸಲ ಆ ಮ್ಯಾಪಿನ ಪೊಚಿಂಕಿ ಊರಿಗೇ ಇಳಿದ್ವಿ, ಅಲ್ಲಿ ಜನ ಜಾಸ್ತಿ ಇಳೀತಾರೆ, ಫೋನಿಗೆ ಕೆಲಸಾನೂ ಜಾಸ್ತಿ.

ಮೊದಲು ಭಾವನ ಫೋನು. ಇದ್ರಲ್ಲಿ ಡಿಸ್‌ಪ್ಲೇ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸೋದು) ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು, ತಮ್ಮ ಅದನ್ನ ನೋಡೇ ಕುಣಿದಿದ್ದ. ಗೇಮ್ ಸೆಟ್ಟಿಂಗ್ ತೆಗೆದ್ರೆ 60 ಎಫ್‌ಪಿಎಸ್‌ವರೆಗೆ ಮಾತ್ರ ಇದೆ, 90 ಆಪ್ಷನ್ನೇ ಇಲ್ಲ. ಇದು ಎಷ್ಟೋ ಜನಕ್ಕೆ ತಗೊಂಡ ಮೇಲೇ ಗೊತ್ತಾಗೋದು: ಡಿಸ್‌ಪ್ಲೇ ಎಷ್ಟು ಹರ್ಟ್ಸ್ ಇದ್ರೂ ಯಾವ ಮಾಡೆಲ್‌ಗೆ ಎಷ್ಟು ಎಫ್‌ಪಿಎಸ್ ಬಿಡಬೇಕು ಅಂತ ಗೇಮ್ ಕಡೆಯಿಂದಲೇ ಕೊಡಬೇಕು. ಆದ್ರೆ ಆಡಿದ ಮೇಲೆ ನನಗೆ ಈ ಫೋನ್ ಮೇಲೆ ಮರ್ಯಾದೆ ಬಂತು ರೀ. ಮೊದಲನೇ ಮ್ಯಾಚಲ್ಲೂ 58-60, ಮೂರನೇ ಮ್ಯಾಚ್ ಕೊನೇ ಸರ್ಕಲ್ಲಲ್ಲೂ (ಆಟದ ಜಾಗ ಕಿರಿದಾಗ್ತಾ ಉಳಿಯೋ ಕೊನೇ ಜಾಗ) 56ರ ಮೇಲೇ, ಬೆನ್ನು ಬೆಚ್ಚಗಾಯ್ತು ಅಷ್ಟೇ, ಸುಡಲಿಲ್ಲ. ಮಧ್ಯಮ ಚಿಪ್ಪು, ಕಮ್ಮಿ ಕರೆಂಟ್ ಎಳೆಯುತ್ತೆ, ಬಿಸೀನೂ ಕಮ್ಮಿ. 3.5 ಎಂಎಂ ಜ್ಯಾಕ್ ಬೇರೆ ಇದೆ, ಬ್ಲೂಟೂತಲ್ಲಿ ಹೆಜ್ಜೆ ಸದ್ದು ಸ್ವಲ್ಪ ತಡವಾಗಿ ಕೇಳಿಸಿ ಸತ್ತೋರಿಗೆ ವೈರ್ ಇಯರ್‌ಫೋನ್ ಬೆಲೆ ಗೊತ್ತು.

ಕೊರತೆ ಇದ್ದಿದ್ದು ಜೈರೋದಲ್ಲಿ, ಅಂದ್ರೆ ಫೋನ್ ಓರೆ ಮಾಡಿ ಗುರಿ ಹಿಡಿಯೋಕೆ ಬೇಕಾದ ಸೆನ್ಸರಲ್ಲಿ. ತಮ್ಮ ಜೈರೋ ಆಲ್ವೇಸ್ ಆನ್ ಇಟ್ಟೇ ಆಡೋದು, ಸಿಕ್ಸ್ ಎಕ್ಸ್ ಸ್ಕೋಪ್ ಹಾಕಿ ಸ್ಪ್ರೇ ಮಾಡಿದ್ರೆ, ಅಂದ್ರೆ ಒಂದೇ ಸಮ ಗುಂಡು ಹಾರಿಸಿದ್ರೆ, ಗುರಿ ಸಣ್ಣಗೆ ನಡುಗ್ತಿತ್ತು, ಕೈ ಅಲ್ಲಾಡಿಸದೇ ಇದ್ರೂ ಮೆಲ್ಲಗೆ ಪಕ್ಕಕ್ಕೆ ಜಾರ್ತಿತ್ತು. ಸೆನ್ಸರ್ ತೋರಿಸೋ ಆಪ್ ಹಾಕಿ ನೋಡಿದ್ರೆ ವರ್ಚುವಲ್ ಜೈರೋ, ಅಂದ್ರೆ ನಿಜವಾದ ಚಿಪ್ಪಿಲ್ಲ, ಬೇರೆ ಸೆನ್ಸರ್ ಲೆಕ್ಕದಿಂದ ಸಾಫ್ಟ್‌ವೇರ್ ಅಂದಾಜು ಮಾಡುತ್ತೆ. ಬೆರಳಲ್ಲೇ ಆಡೋರಿಗೆ ಇದು ಲೆಕ್ಕಕ್ಕೇ ಬರಲ್ಲ, ಜೈರೋ ಪ್ಲೇಯರ್‌ಗೆ ಮಾತ್ರ ಆಗೋದೇ ಇಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡ್ ಫ್ಲಾಗ್‌ಶಿಪ್. ನಿಜ ಹೇಳ್ತೀನಿ, ನನ್ನ ಮನಸ್ಸಿದ್ದಿದ್ದು ಇದ್ರ ಮೇಲೇ. ಗಾಜಿನ ಬೆನ್ನು, ಸ್ಕ್ರೀನ್ ಅಂತೂ ಮೂರರಲ್ಲಿ ಇದ್ರದ್ದೇ ಚಂದ, 90 ಎಫ್‌ಪಿಎಸ್ ಇದೆ, ಮೊದಲ ಹದಿನೈದು ನಿಮಿಷ ಬೆಣ್ಣೆ ತರ ಓಡ್ತು. ಎರಡನೇ ಮ್ಯಾಚಲ್ಲಿ ಮ್ಯಾಪಿನ ಸ್ಕೂಲ್ ಹತ್ರ ಫೈಟ್ ನಡೀತಿದೆ, ಸ್ಮೋಕ್ (ಹೊಗೆ ಬಾಂಬ್) ಹಾಕಿದ್ರು, ಮೀಟರ್ 90ರಿಂದ 61, ಮತ್ತೆ 84, ಆಮೇಲೆ 52. ಸ್ಕ್ರೀನ್ ತಾನೇ ಡಿಮ್ ಆಯ್ತು, ಬ್ರೈಟ್‌ನೆಸ್ ಎಳೆದ್ರೂ ಏರಲಿಲ್ಲ, ಕ್ಯಾಮೆರಾ ಪಕ್ಕ ಬೆರಳಿಡೋಕಾಗ್ತಿಲ್ಲ. ಒಳಗೆ ಬಿಸಿ ಮಿತಿ ದಾಟಿದ್ರೆ ಚಿಪ್ಪು ತನ್ನ ಸ್ಪೀಡನ್ನ ತಾನೇ ಇಳಿಸುತ್ತೆ, ಚಿಪ್ಪು, ಬ್ಯಾಟರಿ ಹಾಳಾಗದೇ ಇರೋಕೆ ಅದು ಬೇಕೇ ಬೇಕು, ಆದ್ರೆ ಆಡೋನಿಗೆ ಅದೇ ಹೊತ್ತಲ್ಲಿ ಎದುರಾಳಿ ಬಾಗಿಲಲ್ಲಿ ನಿಂತಿರ್ತಾನೆ.

60 ಎಫ್‌ಪಿಎಸ್ ಅಂದ್ರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 90ಕ್ಕೆ 11.1. ಲೆಕ್ಕದಲ್ಲಿ 90 ಮೇಲು, ಒಪ್ತೀನಿ. ಆದ್ರೆ ಕೈಗೆ ಅಭ್ಯಾಸ ಆಗೋದು ಒಂದೇ ಲಯ. ಎಷ್ಟು ಎಳೆದ್ರೆ ಎಷ್ಟು ತಿರುಗುತ್ತೆ ಅಂತ ಬೆರಳಿಗೆ ಗೊತ್ತಿರುತ್ತೆ, ಅದು ನಡುವೆ 90, 50, 80 ಅಂತ ಕುಣಿದ್ರೆ ರಿಕಾಯಿಲ್ ಕಂಟ್ರೋಲ್, ಅಂದ್ರೆ ಗುಂಡು ಹಾರಿದಾಗ ಬಂದೂಕು ಮೇಲೇಳದಂಗೆ ಹಿಡಿಯೋದು, ಎಲ್ಲಾ ತಪ್ಪುತ್ತೆ. ತಮ್ಮ ಎರಡು ಸಲ ಅದೇ ರೀತಿ ಸತ್ತ. ಕುಣಿಯೋ 90ಕ್ಕಿಂತ ಗಟ್ಟಿಯಾಗಿ ನಿಂತ 60 ಎಫ್‌ಪಿಎಸ್ಸೇ ಸಾವಿರ ಪಾಲು ವಾಸಿ, ಇದನ್ನ ಈ ಮೂರು ದಿನದಲ್ಲಿ ಕಣ್ಣಾರೆ ನೋಡಿದೆ.

ಬ್ಯಾಟರೀದು ಇನ್ನೊಂದು ಕಥೆ. ಹಳೇ ಬ್ಯಾಟರಿ, ಮೂರು ಮ್ಯಾಚಿಗೆ 100ರಿಂದ 49ಕ್ಕೆ ಬಂತು, ಭಾವನ ಫೋನಲ್ಲಿ ಅಷ್ಟೇ ಆಟಕ್ಕೆ 76 ಉಳಿದಿತ್ತು. ಚಾರ್ಜಿಗೆ ಹಾಕಿ ಆಡಿದ್ರೆ ಇನ್ನೂ ಬಿಸಿ. ಸೆಕೆಂಡ್ ಹ್ಯಾಂಡೇ ಬೇಕು ಅಂದ್ರೆ ಒಂದು ಮಾತು: 2022ರ ಫೋನುಗಳಲ್ಲಿ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1, 8 ಪ್ಲಸ್ ಜೆನ್ 1 ಅಂತ ಎರಡು ಚಿಪ್ಪಿವೆ, ಹೆಸರು ಅಣ್ಣತಮ್ಮಂದಿರ ತರ ಇದ್ರೂ ಪ್ಲಸ್ ಇರೋದು ತೈವಾನಿನ ಟಿಎಸ್‌ಎಂಸಿ ಫ್ಯಾಕ್ಟರೀಲಿ ಮಾಡಿದ್ದು, ಅದೇ ಕೆಲಸಕ್ಕೆ ಕಮ್ಮಿ ಪವರ್ ಎಳೆಯುತ್ತೆ, ಅದನ್ನೇ ಹುಡುಕ್ರಿ, ಬ್ಯಾಟರಿ ಬದಲಾಯಿಸೋ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕ್ರಿ.

ಫ್ರೆಂಡ್ ಫೋನು ಬಗ್ಗೆ ಜಾಸ್ತಿ ಹೇಳೋಕಿಲ್ಲ, ಯಾಕಂದ್ರೆ ಅದು ಸುಮ್ನೆ ಕೆಲಸ ಮಾಡ್ತು. ಡೈಮೆನ್ಸಿಟಿ 8300 ಚಿಪ್ಪು, ಬೇಗ ಓದೋ ಯುಎಫ್‌ಎಸ್ 4.0 ಸ್ಟೋರೇಜು, ಒಳಗೆ ಬಿಸಿ ಹರಡೋಕೆ ವೇಪರ್ ಚೇಂಬರ್, ಪ್ಲಾಸ್ಟಿಕ್ ಬೆನ್ನು, ಫ್ಲ್ಯಾಟ್ ಸ್ಕ್ರೀನು. ನೋಡೋಕೆ ಫ್ಲಾಗ್‌ಶಿಪ್ ಮುಂದೆ ಸಪ್ಪೆ. 90ರಲ್ಲಿ ಶುರು ಮಾಡಿದ್ದು ಮೂರನೇ ಮ್ಯಾಚಲ್ಲಿ 85-88ಕ್ಕೆ ನಿಂತಿತ್ತು, ಸ್ಮೋಕಲ್ಲಿ ಒಂದೇ ಸಲ 78 ನೋಡಿದೆ. ಜೈರೋ ನಿಜವಾದ್ದು, ಸ್ಪ್ರೇ ನೂಲು ಹಿಡಿದಂಗೆ ನೆಟ್ಟಗೆ. ಮ್ಯಾಪ್ ಲೋಡ್ ಆಗೋದು ಬೇಗ, ಹಂಗಾಗಿ ಲಾಬಿಯಿಂದ ಆಟ ಶುರುವಾಗೋ ಐಲ್ಯಾಂಡಿಗೆ ನಾವೇ ಮೊದಲು. ಬೈಪಾಸ್ ಚಾರ್ಜಿಂಗ್ ಇದೆ, ಅಂದ್ರೆ ವೈರ್ ಹಾಕಿ ಆಡುವಾಗ ಕರೆಂಟು ಬ್ಯಾಟರಿಗೆ ಹೋಗದೇ ನೇರ ಫೋನಿಗೆ ಹೋಗುತ್ತೆ, ಬಿಸಿ ಕಮ್ಮಿ, ಬ್ಯಾಟರಿ ಆಯಸ್ಸೂ ಉಳಿಯುತ್ತೆ, ನಮ್ಮೂರಂಥ ಊರಿಗೆ ಇದು ಹೇಳಿ ಮಾಡಿಸಿದ್ದು. ಇಯರ್‌ಫೋನ್ ಜ್ಯಾಕ್ ಇಲ್ಲ, ಟೈಪ್ ಸಿ ಇಯರ್‌ಫೋನ್ ಬೇರೆ ತಗೋಬೇಕಾಯ್ತು, ಅದೂ ವೈರ್ ಹಾಕಿ ಚಾರ್ಜ್ ಮಾಡುವಾಗ ಜಾಗ ಇರಲ್ಲ. ಅದೊಂದು ಬೇಜಾರಿದೆ.

ತಗೊಂಡಿದ್ದು ಇದನ್ನೇ, 8 ಜಿಬಿ ರ‍್ಯಾಮಿಂದು. ಫ್ಲಾಗ್‌ಶಿಪ್ ವಾಪಸ್ ಕೊಡುವಾಗ ತಮ್ಮನ ಮುಖ ಸ್ವಲ್ಪ ಸಣ್ಣಗಾಯ್ತು, ಆ ಕ್ಯಾಮೆರಾ ಅವನಿಗೆ ತುಂಬಾ ಇಷ್ಟ ಆಗಿತ್ತು. ಬಜೆಟ್ 20 ಸಾವಿರ ಅಂದ್ರೆ ಭಾವನ ಫೋನ್ ತರದ್ದು ತಗೊಳ್ರಿ, ನಾಚಿಕೆ ಬೇಡ, ಅಂಗಡೀಲೇ ಸೆನ್ಸರ್ ಆಪ್ ಹಾಕಿ ಜೈರೋ ಒಂದು ನೋಡ್ಕೊಳ್ರಿ, ಆ ಮಾಡೆಲ್ ಇಟ್ಕೊಂಡಿರೋ ಯಾರ ಹತ್ರ ಆದ್ರೂ ಗೇಮ್ ಸೆಟ್ಟಿಂಗ್ ಸ್ಕ್ರೀನ್‌ಶಾಟ್ ಕೇಳ್ರಿ.

ಈಗ ಮೇ ನಡೀತಿದೆ. ತಮ್ಮ ಬೆರಳಿಗೆ ಚೂರು ಪೌಡರ್ ಹಚ್ಕೊಂಡು, ಕವರ್ ತೆಗೆದಿಟ್ಟು, ಸಂಜೆ ಬಿಸಿಲಿಳಿದ ಮೇಲೆ ಮಾಳಿಗೆ ಮೇಲೆ ಆಡ್ತಾನೆ. ನಿನ್ನೆ ಕೊನೇ ಸರ್ಕಲ್ಲಲ್ಲಿ ಒಬ್ಬನೇ ಉಳಿದು ಮೂರು ಜನರನ್ನ ಹೊಡೆದ, ಮೀಟರ್ ನೋಡಿದೆ, 87.