ಏಳು ಮಳೆಗಾಲ ಮತ್ತು ಒಂದು ಜಿಪ್ಸಿ ಕಿಂಗ್: ದೀರ್ಘಕಾಲದ ಬಳಕೆದಾರನ ವಿಮರ್ಶೆ

ನಾನು ಬಳಸುತ್ತಿರುವುದು 1998ರ ಮಾರುತಿ ಜಿಪ್ಸಿ ಕಿಂಗ್; ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡಬಲ್ಲ (ಫೋರ್ ವೀಲ್), ಕಾರ್ಬುರೇಟರ್ ಎಂಜಿನ್ನಿನ, ಕ್ಯಾನ್ವಾಸ್ ಹೊದಿಕೆಯ ಗಾಡಿ. 2018ರ ಕೊನೆಯಲ್ಲಿ ಕೊಂಡ ಮೇಲೆ ಏಳು ಮಳೆಗಾಲ ಕಳೆದಿದ್ದು, ಇದುವರೆಗೆ ಸುಮಾರು 31,000 ಕಿಲೋಮೀಟರ್ ಓಡಿಸಿದ್ದೇನೆ. ವಾರವಿಡೀ ಹಾಸನದ ಮನೆಯ ಶೆಡ್ಡಿನಲ್ಲಿ ನಿಂತಿರುವ ಗಾಡಿ ಶನಿವಾರ ಸಕಲೇಶಪುರದ ಆಚೆಗಿನ ತೋಟಕ್ಕೆ ಹೊರಡುತ್ತದೆ. ಡಾಂಬರು ಮುಗಿದ ಮೇಲೆ ಎರಡೂವರೆ ಕಿಲೋಮೀಟರ್ ಜೇಡಿಮಣ್ಣಿನ ಏರುದಾರಿಯಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೇರೆ ಕಾರುಗಳ ಆಟ ನಡೆಯುವುದಿಲ್ಲ.

ಜಿಪ್ಸಿ ನಮ್ಮಲ್ಲಿ 1985ರ ಡಿಸೆಂಬರ್‌ನಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು. 1996ರಲ್ಲಿ ಬಂದ ಕಿಂಗ್‌ಗೆ 1,298 ಸಿಸಿಯ, 60 ಅಶ್ವಶಕ್ತಿಯ ಎಂಜಿನ್ ದೊರೆಯಿತು. ಇಂದಿನ ಲೆಕ್ಕದಲ್ಲಿ 60 ಅಶ್ವಶಕ್ತಿ ಏನೇನೂ ಅಲ್ಲ. ಆದರೆ ಕ್ಯಾನ್ವಾಸ್ ಮಾದರಿಯ ತೂಕ 985 ಕಿಲೋ ಮಾತ್ರ, ಮತ್ತು ಈ ಗಾಡಿಯ ಬಂಡವಾಳವೆಲ್ಲ ಇರುವುದು ಆ ಹಗುರತನದಲ್ಲಿಯೇ. ಭಾರದ ಗಾಡಿಗಳು ಹೂತುಕೊಳ್ಳುವ ಕೆಸರಿನ ಮೇಲೆ ಇದು ಮೇಲುಮೇಲೆ ಹಾದುಹೋಗುತ್ತದೆ. ನಾನು ಭಾನುವಾರಗಳಲ್ಲಿ ಮಾಡಿದ ಕೆಲಸಗಳನ್ನು ಈಗ ಹಿಂತಿರುಗಿ ನೋಡಿದರೆ, ಹಳೆಯದನ್ನು ಸರಿಪಡಿಸಿದ್ದೆಲ್ಲ ಉಳಿದಿದೆ, ಹೊಸದಾಗಿ ಸೇರಿಸಿದ್ದರಲ್ಲಿ ಮುಕ್ಕಾಲು ಪಾಲನ್ನು ನಾನೇ ಬಿಚ್ಚಿದ್ದೇನೆ.

ಮೊದಲ ವರ್ಷ ಕಾಡಿದ್ದು ಸ್ಟೀರಿಂಗ್ ನಡುಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸಣ್ಣ ಗುಂಡಿ ಸಿಕ್ಕರೂ ಮುಂದಿನ ಎರಡು ಚಕ್ರಗಳು ಭೂತ ಮೆಟ್ಟಿದವರಂತೆ ಅದುರತೊಡಗುತ್ತಿದ್ದವು. ಎರಡು ಬಾರಿ ಅಲೈನ್‌ಮೆಂಟ್, ಮೂರು ಬಾರಿ ಬ್ಯಾಲೆನ್ಸಿಂಗ್ ಮಾಡಿಸಿ ಹಣ ಕಳೆದ ಮೇಲೆ, ಜೀಪುಗಳಲ್ಲೇ ತಲೆ ನೆರೆತ ಮೇಸ್ತ್ರಿಯೊಬ್ಬರು, "ಅಲೈನ್‌ಮೆಂಟ್ ಆಮೇಲೆ ಮಾಡಿಸೋರಂತೆ ಸಾರ್, ಮೊದಲು ಜಾಕ್ ಹಾಕಿ ಚಕ್ರ ಹಿಡಿದು ಅಲ್ಲಾಡಿಸಿ ನೋಡಿ," ಎಂದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ, ಅಂದರೆ ಸಡಿಲ, ಸಿಕ್ಕಿತು. ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿದಾಗ ಆ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು, ಬ್ರೇಕ್ ಒತ್ತಿದರೂ ಉಳಿದರೆ ಕಿಂಗ್‌ಪಿನ್ ಬೇರಿಂಗಿನದು (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನದು). ನನ್ನದು ಉಳಿಯಿತು.

ಆ ಬೇರಿಂಗುಗಳು ಕೂರುವ, ಆಕ್ಸಲ್ ತುದಿಯ ಕೀಲಾದ ಬಲಬದಿಯ ನಕಲ್ ಬಿಚ್ಚಲು ಒಂದಿಡೀ ಶನಿವಾರ ಹಿಡಿಯಿತು. ಒಳಗೆ ಗಟ್ಟಿ ಗ್ರೀಸು ಇರಬೇಕಾದ ಜಾಗದಿಂದ ರಾಗಿ ಅಂಬಲಿಯಷ್ಟು ತೆಳ್ಳಗಿನ ಕಪ್ಪು ದ್ರವ ಸುರಿಯಿತು. ಆಕ್ಸಲ್ಲಿನ ಒಳ ಆಯಿಲ್ ಸೀಲ್ ಸೋತು, ಡಿಫರೆನ್ಷಿಯಲ್ಲಿನ (ಆಕ್ಸಲ್ ಮೇಲಿನ ಗೇರ್ ಗುಂಡಿನ) ಎಣ್ಣೆ ಹರಿದು ಬಂದು ಗ್ರೀಸನ್ನೆಲ್ಲ ತೊಳೆದುಹಾಕಿತ್ತು. ಬೇರಿಂಗಿನ ಹೊರ ಉಂಗುರದ ಮೇಲೆ ಒಂದೊಂದು ರೋಲರ್ ಕೂತ ಕಡೆಯೂ ಉಗುರಿಗೆ ತಾಕುವಷ್ಟು ತಗ್ಗು ಬಿದ್ದಿತ್ತು. ಹೊಸ ಬೇರಿಂಗ್ ಕೂಡಿಸಿದ ಮೇಲೆ ಶಿಮ್‌ಗಳನ್ನು (ತೆಳು ಲೋಹದ ತುಂಡುಗಳನ್ನು) ಸೇರಿಸುತ್ತಾ ತೆಗೆಯುತ್ತಾ ಬಿಗಿತವನ್ನು ಹದಕ್ಕೆ ತರಬೇಕು, ಮತ್ತು ಅದನ್ನು ಕೈ ಅಂದಾಜಿಗೆ ಬಿಡದೆ ಸ್ಪ್ರಿಂಗ್ ತಕ್ಕಡಿಯನ್ನು ಸ್ಟೀರಿಂಗ್ ತೋಳಿಗೆ ಸಿಕ್ಕಿಸಿ ಎಳೆದು ಅಳೆಯಬೇಕು. ನಾನು ಮೀನು ತೂಗುವ ಕೊಕ್ಕೆ ತಕ್ಕಡಿಯನ್ನು ಬಳಸಿದೆ. ಮೊದಲ ಸಲ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ನಕಲಿ ಬೇರಿಂಗುಗಳು ನಾಲ್ಕೇ ತಿಂಗಳಲ್ಲಿ ಕೈಕೊಟ್ಟಿದ್ದರಿಂದ ಇಡೀ ಕೆಲಸವನ್ನು ಎರಡು ಬಾರಿ ಮಾಡಬೇಕಾಯಿತು. ಅಂಗಡಿಯ ಹೆಸರು ಬೇಡ, ಬಿಲ್ ಕೇಳದೆ ಬಂದ ತಪ್ಪು ನನ್ನದೂ ಹೌದು. ಎರಡನೆಯ ಸಲದ ನಂತರ ನಡುಕ ಮತ್ತೆ ಬಂದಿಲ್ಲ.

ತುಕ್ಕಿನ ವಿಷಯಕ್ಕೆ ಬಂದರೆ, ಮಲೆನಾಡಿನಲ್ಲಿ ಬಾಳಿದ ಗಾಡಿಯನ್ನು ಕೊಳ್ಳುವವರು ಮೊದಲು ಎತ್ತಿ ನೋಡಬೇಕಾದದ್ದು ನೆಲದ ರಬ್ಬರ್ ಹಾಸನ್ನು. ನನ್ನ ಗಾಡಿಯಲ್ಲಿ ಚಾಲಕನ ಪಾದದಡಿಯ ತಗಡು ಹಪ್ಪಳದಂತೆ ಮುರಿಯುತ್ತಿತ್ತು. ಎರಡು ಭಾನುವಾರಗಳಲ್ಲಿ ಅದನ್ನು ಕತ್ತರಿಸಿ, 18 ಗೇಜಿನ ತಗಡನ್ನು ವೆಲ್ಡ್ ಮಾಡಿಸಿ, ಮೇಲೆ ಕೆಳಗೆ ಎರಡೂ ಕಡೆ ಬಣ್ಣ ಬಳಿದೆ. ನೀರು ಒಳಬರುವುದನ್ನು ಯಾವ ಕ್ಯಾನ್ವಾಸೂ ಪೂರ್ತಿ ತಡೆಯದ ಕಾರಣ, ಬಂದ ನೀರು ಹೊರಹೋಗಲು ನೆಲದ ರಂಧ್ರಗಳನ್ನು ತೆರೆದಿಡುವುದೇ ಜಾಣತನವೆಂದು ಈಗ ಅರಿತಿದ್ದೇನೆ.

ಇನ್ನು ಮಾರ್ಪಾಡುಗಳು. ಹಿಂದಿನ ಮಾಲೀಕರು ಮುಂದೆ ಹಾಕಿಸಿದ್ದ ಕಬ್ಬಿಣದ ಗಾರ್ಡನ್ನು ಬಿಚ್ಚಿ ಕಾಫಿ ಮೂಟೆ ತೂಗುವ ತಕ್ಕಡಿಗೆ ಹಾಕಿದಾಗ 38 ಕಿಲೋ ತೋರಿಸಿತು. ಇಬ್ಬನಿಯ ಇಳಿಜಾರಿನಲ್ಲಿ ಮೂತಿ ಜಾರುತ್ತಿದ್ದುದರ ಕಾರಣ ಆಗ ಹೊಳೆಯಿತು. ಇಂಥ ಗಾರ್ಡ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ಸೂಚನೆ ಹೊರಡಿಸಿತ್ತು. ಟೈರಿನ ಪಾಠ ಇನ್ನೂ ದುಬಾರಿಯಾಯಿತು. ಮೂಲ 205/70 ಆರ್15 ತೆಗೆದು 235/75 ಆರ್15 ಹಾಕಿಸಿದೆ. ವ್ಯಾಸ 668ರಿಂದ 733 ಮಿಲಿಮೀಟರಿಗೆ ಏರಿತು, ಅಂದರೆ ಸುಮಾರು ಶೇಕಡ 10. ನೋಡಲು ಗಾಡಿ ಗಂಭೀರವಾಯಿತು, ನಡೆಯಲ್ಲಿ ಮಾತ್ರ ಮಂಕಾಯಿತು. ಎರಡನೆಯ ಗೇರಿನಲ್ಲಿ ಹತ್ತುತ್ತಿದ್ದ ತಿರುವಿಗೆ ಮೊದಲನೆಯದು ಬೇಕಾಯಿತು, ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 66ರ ಹತ್ತಿರ ಇರುತ್ತಿತ್ತು, ಪವರ್ ಇಲ್ಲದ ಸ್ಟೀರಿಂಗ್ ತಿರುಗಿಸಿ ಸಂಜೆಗೆ ಭುಜ ನೋಯುತ್ತಿತ್ತು. ಒಂದೇ ಮಳೆಗಾಲಕ್ಕೆ ಅವನ್ನು ಮಾರಿ ಮೂಲ ಅಳತೆಗೆ ಮರಳಿದೆ. ಹಿಂದಿನ ಕಮಾನಿಗೆ (ಪಟ್ಟಿಗಳ ಸ್ಪ್ರಿಂಗಿಗೆ) ಸೇರಿಸಿದ್ದ ಹೆಚ್ಚುವರಿ ಪಟ್ಟಿಯನ್ನೂ ತೆಗೆಸಿದೆ. ಅದು ಬೆನ್ನುಮೂಳೆಯ ವೈದ್ಯರಿಗೆ ಮಾತ್ರ ಲಾಭದಾಯಕ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಿರುವುದರಿಂದ, 2023ರಲ್ಲಿ ತಪಾಸಣೆಗೆ ಒಯ್ದಾಗ ಮೂಲ ರೂಪದಲ್ಲಿದ್ದದ್ದೇ ನನ್ನ ಪುಣ್ಯ.

ಉಳಿಸಿಕೊಂಡ ಸೇರ್ಪಡೆಯೆಂದರೆ ಹಿಂದಿನ ಎಳೆಯುವ ಕೊಕ್ಕೆಯೊಂದೇ. ಪೆಟ್ರೋಲ್ ಪೈಪುಗಳನ್ನು, ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ತಾಳುವ ರಬ್ಬರಿಗೆ ಬದಲಿಸಿದ್ದೇನೆ. ಮೈಲೇಜು ತೋಟದ ದಾರಿಯೂ ಸೇರಿ ಲೀಟರಿಗೆ ಒಂಬತ್ತರಿಂದ ಹತ್ತು. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ, ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸುವ ಹಬ್‌ಗಳನ್ನು ಲಾಕ್ ಮಾಡಿ ಒಂದಷ್ಟು ದೂರ ಮಣ್ಣಿನ ಮೇಲೆ ಓಡಿಸುತ್ತೇನೆ. ಹಾಗೆ ಮಾಡದಿದ್ದರೆ ಮುಂದಿನ ಆಕ್ಸಲ್ಲಿನ ಭಾಗಗಳಿಗೆ ಎಣ್ಣೆ ತಲುಪುವುದಿಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲದ ಗಾಡಿಯಾದ್ದರಿಂದ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು.

ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತವೆ, ಸೈನ್ಯ ಈ ಗಾಡಿಯನ್ನು ದೊಡ್ಡ ಸಂಖ್ಯೆಯಲ್ಲಿ ಬಳಸಿದ್ದರ ಅನುಕೂಲವೂ ನಮಗಿದೆ. ದಿನವೂ ಕಚೇರಿಗೆ ಹೋಗಲು ಒಂದೇ ಗಾಡಿ ಬೇಕೆನ್ನುವವರಿಗೆ ಇದನ್ನು ನಾನು ಹೇಳಲಾರೆ; ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಮುಂದೆ ಹೋಗುವ ಕಸುವೂ ಇಲ್ಲ. ಮನೆಯಲ್ಲಿ ಮತ್ತೊಂದು ಕಾರು, ಶೆಡ್ಡಿನಲ್ಲಿ ಒಂದು ಒಳ್ಳೆಯ ಜಾಕು, ತಿಂಗಳಿಗೆ ಎರಡು ಭಾನುವಾರ ಬಿಡುವು ಇರುವವರು ಕೊಳ್ಳಬಹುದು. ನನ್ನ ಗಾಡಿಯಲ್ಲಿ ಈಗ ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್ಲುಗಳಿಗೆ ಬಲ ಹಂಚುವ ಪೆಟ್ಟಿಗೆಯ) ಮೌಂಟಿಂಗ್ ರಬ್ಬರುಗಳು ಬಿರಿದಿವೆ. ಮೂರರ ಒಂದು ಸೆಟ್ ತಂದು ಶೆಡ್ಡಿನ ಗೂಡಿನಲ್ಲಿ ಇಟ್ಟಿದ್ದೇನೆ.