ಆಳಸಮುದ್ರದ ಆಕ್ಟೋಪಸ್ ಗುರುತಿಸಲು ವಿಡಿಯೊನಾ, ಮಾದರಿನಾ, ಡಿಎನ್‌ಎನಾ?

ಬೆಂಗಳೂರಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳ ಪ್ರಶ್ನೆ ಇದು: ಪ್ರಾಜೆಕ್ಟ್‌ಗೆ ಯಾವ ದಾರಿ ಹಿಡಿಯಲಿ?

ಖರ್ಚು ನೋಡಿದರೆ ವಿಡಿಯೊನೇ ಅಗ್ಗ. ಸಾಗರ, ಹವಾಮಾನ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾದ (NOAA) ಆಳಸಮುದ್ರದ ದೃಶ್ಯಗಳು ಪುಕ್ಕಟೆ ಸಿಗುತ್ತವೆ. ಸಮುದ್ರವೇ ಇಲ್ಲದ ಊರಲ್ಲಿ ಇದೇನು ಕಡಿಮೆ ಅನುಕೂಲ ಅಲ್ಲ. ತಲೆಯ ಪಕ್ಕ ಕಿವಿಯಂಥ ರೆಕ್ಕೆ ಕಂಡರೆ ಅದು ಡಂಬೊ ಆಕ್ಟೋಪಸ್ ಗುಂಪಿನದು. ರೆಕ್ಕೆ ಇಲ್ಲದೆ, ತೋಳಿನ ಹೀರುಬಟ್ಟಲು ಎರಡು ಸಾಲಿದ್ದರೆ ಮ್ಯೂಸಾಕ್ಟೋಪಸ್ ಎಂಬ ಕುಲದ್ದು ಇರಬಹುದು. ಒಂದೇ ಸಾಲಾದರೆ ಗ್ರಾನೆಲೆಡೋನ್ ಕುಲದ್ದು. ಆದರೆ ಅಷ್ಟಕ್ಕೇ ನಂಬಬೇಡಿ. 2016ರಲ್ಲಿ ಹವಾಯಿ ಬಳಿ ಸುಮಾರು 4,290 ಮೀಟರ್ ಆಳದಲ್ಲಿ ಕಂಡ, 'ಕ್ಯಾಸ್ಪರ್' ಎಂಬ ಅಡ್ಡಹೆಸರಿನ ಬಿಳಿಚಿದ ಆಕ್ಟೋಪಸ್‌ಗೂ ಒಂದೇ ಸಾಲು! ಪ್ರಾಣಿ ಕೈಗೆ ಸಿಗದೆ, ಬರೀ ವಿಡಿಯೊ ನೋಡಿ ಅದಕ್ಕೆ ವೈಜ್ಞಾನಿಕ ಹೆಸರಿಡಲು ಆಗಲಿಲ್ಲ.

ಖಚಿತತೆ ಬೇಕಾದರೆ ಮಾದರಿಯೇ, ಅಂದ್ರೆ ಕೆಡದಂತೆ ಇಟ್ಟ ಪ್ರಾಣಿಯೇ, ಬೇಕು. ಕೊಕ್ಕು, ನಾಲಿಗೆಯ ಮೇಲಿನ ಹಲ್ಲುಪಟ್ಟಿ, ಕಿವಿರಿನ ಪದರ, ಎಲ್ಲ ಎಣಿಸಿ ನೋಡಬಹುದು. ತೊಂದರೆ ಏನಂದ್ರೆ, ಲೋಳೆಯಂಥ ಮೈ ಫಾರ್ಮಲಿನ್‌ನಲ್ಲಿ ಮುದುಡಿ ಆಕಾರವೇ ಕೆಡುತ್ತದೆ. ಕೊಯ್ದರೆ ಮತ್ತೆ ಜೋಡಿಸೋಕಾಗಲ್ಲ. ಜರ್ಮನಿಯವರು 2021ರಲ್ಲಿ ಒಂದೇ ಒಂದು ಡಂಬೊವನ್ನು ಕೊಯ್ಯದೆ, ಎಂಆರ್‌ಐ ಮತ್ತು ಮೈಕ್ರೊ ಸಿಟಿ (ಅತಿ ಸೂಕ್ಷ್ಮ ಸಿಟಿ ಸ್ಕ್ಯಾನ್) ಮೂಲಕ ಒಳಭಾಗ ನೋಡಿ ಹೊಸ ಪ್ರಭೇದ ಅಂತ ಸಾರಿದರು. ದುಡ್ಡಿನ ಕೆಲಸ ಬಿಡಿ.

ಡಿಎನ್‌ಎಗೆ ಚೂರು ಮಾಂಸ ಸಾಕು, ಆದರೆ ಅದನ್ನು ಎಥೆನಾಲ್‌ನಲ್ಲಿ ಇಟ್ಟಿರಬೇಕು. ಫಾರ್ಮಲಿನ್ ಬಾಟಲಿಯದಾದರೆ ಫಲಿತಾಂಶ ಬರೋದು ಕಷ್ಟ. ಹೋಲಿಸಲು ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ದತ್ತಸಂಗ್ರಹದಲ್ಲಿ ಸರಿಯಾದ ಹೆಸರಿನ ದಾಖಲೆಯೂ ಇರಬೇಕು.

ಆರು ತಿಂಗಳ ಪ್ರಾಜೆಕ್ಟ್, ಕೈಯಲ್ಲಿ ಲ್ಯಾಪ್‌ಟಾಪ್ ಮಾತ್ರ ಅಂದ್ರೆ ವಿಡಿಯೊ ಹಿಡಿಯಿರಿ, ಕುಲದ ಮಟ್ಟಕ್ಕೇ ನಿಲ್ಲಿಸಿ. ಹಳೇ ಸಂಗ್ರಹ ನೋಡಲು ಅನುಮತಿ ಸಿಕ್ಕರೆ ಮಾದರಿ. ಹಡಗಿನಿಂದ ತಾಜಾ ತುಣುಕು ಬರುವುದಿದ್ದರೆ ಡಿಎನ್‌ಎ. ಜೊತೆಗೆ ಆ ಪ್ರಾಣಿಯ ಫೋಟೊನೂ ಕೇಳಿ ಇಟ್ಕೊಳ್ಳಿ.