ಹಳೆಯ ಕಾನೂನಿನ ಮೂಲಪಾಠಕ್ಕೆ ಜಾಲತಾಣವೋ, ಬೇರ್ ಆಕ್ಟೋ, ವಕೀಲರ ಹಳೆಯ ಸಂಪುಟವೋ?

ಸಂಶೋಧನಾ ಪ್ರಬಂಧದಲ್ಲಿ ಹಳೆಯ ಕಾನೂನನ್ನು ಉಲ್ಲೇಖಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಕಾಲದಲ್ಲೇ ಅಚ್ಚಾದ ಪುಸ್ತಕ ಕೈಗೆ ಸಿಗುವುದಾದರೆ ಬೇರೆ ಯಾವುದೂ ಅದಕ್ಕೆ ಸಮವಲ್ಲ. ಇದು ನನಗೆ ಮನವರಿಕೆಯಾಗುವ ಹೊತ್ತಿಗೆ ಒಂದು ಪ್ರಬಂಧ ವಾಪಸು ಬಂದಿತ್ತು, 450 ರೂಪಾಯಿ ಖರ್ಚಾಗಿತ್ತು, ಎರಡು ತಿಂಗಳು ಕಳೆದಿದ್ದವು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ 1965ರಿಂದ 1974ರ ವರೆಗೆ ಗೇಣಿದಾರರ ಸ್ಥಿತಿ ಹೇಗಿತ್ತು ಎಂಬುದು ನನ್ನ ಪ್ರಬಂಧದ ವಿಷಯ. ಅದನ್ನು ಓದಿದ ಪರಿಶೀಲಕರು ಎರಡೇ ಮಾತು ಬರೆದು ಹಿಂದಿರುಗಿಸಿದರು. 1968ರ ಗೇಣಿದಾರನಿಗೆ ನೀವು 1974ರ ಕಾನೂನನ್ನು ಅನ್ವಯಿಸಿದ್ದೀರಿ. ಆ ವರ್ಷ ಕರ್ನಾಟಕ ಎಂಬ ಹೆಸರಿನ ರಾಜ್ಯವೇ ಇರಲಿಲ್ಲ. ಎರಡೂ ನಿಜ, ಆಗ ಇದ್ದದ್ದು ಮೈಸೂರು ರಾಜ್ಯ.

ನಾನು ನೆಚ್ಚಿಕೊಂಡಿದ್ದು ಸರ್ಕಾರಿ ಜಾಲತಾಣದಿಂದ ಇಳಿಸಿಕೊಂಡ ಕರ್ನಾಟಕ ಭೂಸುಧಾರಣಾ ಅಧಿನಿಯಮದ ಪಿಡಿಎಫ್ ಅನ್ನು. ಗೇಣಿ ಜಮೀನು ಸರ್ಕಾರಕ್ಕೆ ಸೇರುವ 44ನೇ ಕಲಮನ್ನು ಅದರಿಂದಲೇ ಎತ್ತಿ ಬರೆದಿದ್ದೆ. ಆ ಕಲಮಿನಲ್ಲಿ "ತಿದ್ದುಪಡಿ ಅಧಿನಿಯಮ ಜಾರಿಗೆ ಬರುವ ನಿಕಟಪೂರ್ವದಲ್ಲಿ" ಎಂಬ ಅರ್ಥದ ಮಾತು ಸ್ಪಷ್ಟವಾಗಿಯೇ ಇದೆ. ಯಾವ ತಿದ್ದುಪಡಿ ಎಂದು ನಾನು ಕೇಳಿಕೊಳ್ಳಬೇಕಿತ್ತು. ಅದು ದೇವರಾಜ ಅರಸು ಅವರ ಕಾಲದ ತಿದ್ದುಪಡಿ, ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನೂ ಹಾಕಿದ್ದರು. ಹಾಗಾಗಿ ಜಾಲತಾಣವನ್ನು ದೂರುವುದಿಲ್ಲ. ಇಂದು ಚಾಲ್ತಿಯಲ್ಲಿರುವ ಕಾನೂನು ಬೇಕಾದವರಿಗೆ ಅದು ಉಚಿತ, ತಕ್ಷಣ ಸಿಗುತ್ತದೆ, ಯಾವ ಯಾವ ವರ್ಷ ತಿದ್ದುಪಡಿಯಾಯಿತು ಎಂಬ ಪಟ್ಟಿಯೂ ಆರಂಭದಲ್ಲೇ ಇರುತ್ತದೆ. ಆದರೆ ಚರಿತ್ರೆ ಬರೆಯುವವರಿಗೆ ಬೇಕಾದದ್ದು ಅಂದಿನ ಪಾಠ. ಕೃಷಿಕರಲ್ಲದವರು ಕೃಷಿ ಜಮೀನು ಹೊಂದುವುದನ್ನು ತಡೆಯುತ್ತಿದ್ದ 79ಬಿ ಕಲಮನ್ನು 2020ರಲ್ಲಿ ಕೈಬಿಡಲಾಯಿತು. ಇಂದಿನ ಪಾಠವನ್ನಷ್ಟೇ ಓದಿ 1980ರ ಬಗ್ಗೆ ಬರೆಯಹೊರಟರೆ, ಒಂದು ಕಾಲದಲ್ಲಿ ಜಮೀನಿನ ವ್ಯವಹಾರವನ್ನೇ ಕಟ್ಟಿಹಾಕಿದ್ದ ಆ ಕಲಂ ಲೆಕ್ಕಕ್ಕೇ ಸಿಗುವುದಿಲ್ಲ.

ಪುಸ್ತಕವಾದರೆ ಮೂಲಪಾಠ ಇದ್ದೀತು ಎಂದು 450 ರೂಪಾಯಿ ಕೊಟ್ಟು ಒಂದು ಬೇರ್ ಆಕ್ಟ್, ಅಂದರೆ ವ್ಯಾಖ್ಯಾನವಿಲ್ಲದೆ ಕಾನೂನಿನ ಪಾಠವನ್ನಷ್ಟೇ ಅಚ್ಚು ಹಾಕಿದ ಪುಸ್ತಕ, ತರಿಸಿದೆ. ಅದೇ ತಿದ್ದುಪಡಿಯಾದ ಪಾಠ, ಅಡಿಟಿಪ್ಪಣಿಗಳನ್ನೂ ಕೈಬಿಟ್ಟಿದ್ದರು. ದುಡ್ಡು ದಂಡ.

ಹಳೆಯ ತೀರ್ಪುಗಳು ಇದಕ್ಕಿಂತ ಮೇಲು. ನ್ಯಾಯಾಧೀಶರು ಅಂದಿನ ಕಲಮನ್ನು ಅಂದಿನ ಮಾತಿನಲ್ಲೇ ಎತ್ತಿ ಬರೆದಿರುತ್ತಾರೆ. ಆದರೆ ವ್ಯಾಜ್ಯಕ್ಕೆ ಬೇಕಾದ ತುಣುಕಷ್ಟೇ ಸಿಗುತ್ತದೆ.

ಕೊನೆಗೆ ಪರಿಚಯದವರೊಬ್ಬರು ಇಲ್ಲಿನ ಹಿರಿಯ ವಕೀಲರೊಬ್ಬರ ಕಚೇರಿಗೆ ಕರೆದುಕೊಂಡು ಹೋದರು. ವಕೀಲರು ಈಗಿಲ್ಲ, ಮಗ ಅದೇ ಕಚೇರಿ ನಡೆಸುತ್ತಿದ್ದಾರೆ, ತಂದೆಯ ಕಾಲದ ಗುಮಾಸ್ತರು ಈಗಲೂ ಬಂದು ಕೂರುತ್ತಾರೆ. ಬೀರುವಿನ ಕೆಳಗಿನ ಅರೆಯಿಂದ ಅವರು ತೆಗೆದುಕೊಟ್ಟದ್ದು 1960ರ ದಶಕದಲ್ಲಿ ಅಚ್ಚಾದ ಸಂಪುಟ. ಬೆನ್ನಿನ ಬಟ್ಟೆ ಬಿಟ್ಟುಹೋಗಿತ್ತು, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. 44ನೇ ಕಲಂ ಇರುವ ಪುಟ ತೆರೆದರೆ ಅದರ ಮೇಲೆ ಅಚ್ಚಿನ ಚೀಟಿಯೊಂದನ್ನು ಅಂಟಿಸಿದ್ದರು. ಮತ್ತೆ ಅದೇ 1974ರ ಪಾಠ! ಚೀಟಿಯ ಮೂಲೆಗೆ ಉಗುರು ಹಾಕಿದೆ. ಗುಮಾಸ್ತರು ಗಾಬರಿಯಿಂದ, "ಕೀಳಬೇಡಮ್ಮಾ, ಒಂದಂಚಿಗೆ ಮಾತ್ರ ಅಂಟಿಸಿದ್ದೇನೆ, ಎತ್ತಿ ಓದು" ಎಂದರು. ಹಾಳೆ ಮಗುಚಿದಂತೆ ಎತ್ತಿದೆ. ಕೆಳಗೆ ಅದೇ ಕಾನೂನಿನ, ಅಂದಿನ ಹೆಸರಿನಲ್ಲಿ ಮೈಸೂರು ಭೂಸುಧಾರಣಾ ಅಧಿನಿಯಮದ, ಮೊದಲ ಪಾಠ, ಗೆರೆ ಅಳಿಯದೆ ಹಾಗೆಯೇ ಇತ್ತು. ಹೊಸ ಪಾಠ ಬಂದಾಗಲೂ ಹಳೆಯದನ್ನು ಮುಚ್ಚಿಹಾಕದ ಆ ಕೈಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಖರ್ಚಾದದ್ದು ಝೆರಾಕ್ಸಿನ ದುಡ್ಡು ಮಾತ್ರ.

ಪಾಠ ಸಿಕ್ಕರೂ ಉಲ್ಲೇಖ ಬರೆಯುವಾಗ ಇನ್ನೊಂದು ತೊಡಕು ಎದುರಾಯಿತು, ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದೇ. ಈ ಅಧಿನಿಯಮದ ಹೆಸರಿನಲ್ಲಿ 1961 ಇದೆ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರ ಮಾರ್ಚ್ 5ರಂದು, ಆದ್ದರಿಂದ ಅದು 1962ರ 10ನೇ ಅಧಿನಿಯಮ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಯಾವ ವರ್ಷ ಬರೆಯಬೇಕು? ತಿದ್ದುಪಡಿಯದೂ ಅದೇ ಕಥೆ: ಹೆಸರಿನಲ್ಲಿ 1973, ಸಂಖ್ಯೆ 1974ರ 1. ಇನಾಂ ರದ್ದಿಯಾತಿಯ 1954ರ ಅಧಿನಿಯಮವೂ 1955ರ 1ನೇ ಸಂಖ್ಯೆಯದು. ಇದರ ಮೇಲೆ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಕಾನೂನುಗಳ ಹೆಸರಿನಲ್ಲಿದ್ದ ಮೈಸೂರು ಕೂಡ ಕರ್ನಾಟಕವಾಯಿತು. ಒಂದೇ ಕಾನೂನು ಎರಡು ಕಪಾಟಿನಲ್ಲಿ ಎರಡು ಹೆಸರಿನಿಂದ ಕೂತಿರುತ್ತದೆ.

ಮಾರ್ಗದರ್ಶಕರ ಜೊತೆ ಕೂತು ಒಂದು ಕ್ರಮಕ್ಕೆ ಬಂದೆವು. ಬರೆಯುತ್ತಿರುವ ಕಾಲದಲ್ಲಿದ್ದ ಹೆಸರು ಮೊದಲು, ಸಂಖ್ಯೆ ಆವರಣದಲ್ಲಿ, ಯಾವ ಪಾಠ ಎಂಬುದು ಕೊನೆಗೆ: ಮೈಸೂರು ಭೂಸುಧಾರಣಾ ಅಧಿನಿಯಮ, 1961 (1962ರ ಮೈಸೂರು ಅಧಿನಿಯಮ 10), ಕಲಂ 44, ತಿದ್ದುಪಡಿಗೆ ಮುಂಚಿನ ಪಾಠ. ಜಾರಿಯ ದಿನಾಂಕ ವಾದಕ್ಕೆ ಮುಖ್ಯವಾದಲ್ಲಿ ಮಾತ್ರ ಅಡಿಟಿಪ್ಪಣಿಯಲ್ಲಿ. ಕನ್ನಡದ ಅಧಿಕೃತ ಪಾಠಗಳಲ್ಲಿ "ಪ್ರಕರಣ" ಎಂದಿರುತ್ತದೆ, ವಕೀಲರು "ಕಲಂ" ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಹಿಡಿದು ಕೊನೆಯ ಪುಟದವರೆಗೆ ಬಿಡಬೇಡಿ.

ಬೆಂಗಳೂರಿನ ರಾಜ್ಯ ಪತ್ರಾಗಾರದ ಮಾತು ಬೇರೆ. 1911ರ ಕೆರೆ ಪಂಚಾಯಿತಿ ರೆಗ್ಯುಲೇಷನ್ನಿನಂಥ, ಮಹಾರಾಜರ ಕಾಲದ ಕಾನೂನುಗಳ ಮೇಲೆ ಕೆಲಸ ಮಾಡುವವರು ಅಲ್ಲಿಗೆ ಹೋಗಲೇಬೇಕು. ಪಾಠ ಮಾಡಿದ ತಾಸಿಗೆ ಸಂಬಳ ಎಣಿಸುವ ನನ್ನಂಥವರಿಗೆ ವಾರವಿಡೀ ಅಲ್ಲಿ ಕೂರುವುದು ಆಗದ ಮಾತು. ನಡೆದುಹೋಗುವ ದೂರದಲ್ಲಿರುವ ವಕೀಲರ ಬೀರುವೇ ನನಗೆ ಸರಿ.

ತಿದ್ದಿದ ಪ್ರಬಂಧವನ್ನು ಮತ್ತೆ ಕಳುಹಿಸಿದ್ದೇನೆ. ಈಗ ಹರಪನಹಳ್ಳಿಯ ಭಾಗ ಹಿಡಿದಿದ್ದೇನೆ. ಆ ತಾಲ್ಲೂಕು 1953ರ ವರೆಗೆ ಮದ್ರಾಸಿಗೆ ಸೇರಿತ್ತು, ಆ ಕಾಲದ ಕಾನೂನಿಗೆ ಮೈಸೂರಿನ ಸಂಪುಟ ನಡೆಯುವುದಿಲ್ಲ. ಬಳ್ಳಾರಿಯಲ್ಲಿ ಮದ್ರಾಸಿನ ಹಳೆಯ ಸಂಪುಟಗಳನ್ನು ಇಟ್ಟುಕೊಂಡಿರುವ ವಕೀಲರೊಬ್ಬರ ವಿಳಾಸವನ್ನು ಗುಮಾಸ್ತರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮುಂದಿನ ರಜೆಗೆ ಅಲ್ಲಿಗೆ ಹೋಗುತ್ತೇನೆ.